ಟೋಕನ್ ಇಲ್ಲದ ಅರ್ಜಿ

ಜುಲೈ 7, 2025, ಸೋಮವಾರ
ಆನಂದಪುರ

ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದರ ಹೊಸ ವೆಬ್ ಅಪ್ಲಿಕೇಶನ್ ಇವತ್ತು ಪರೀಕ್ಷೆಗೆ ಬಂತು. ಸದಸ್ಯರು ಮನೆಯಲ್ಲೇ ಕೂತು ತಮ್ಮ ಲೆಕ್ಕ ನೋಡಬಹುದು, ಮಾರಾಟದ ಪಟ್ಟಿ ಇಳಿಸಿಕೊಳ್ಳಬಹುದು, ಸಾಲದ ಕಂತು ಕಟ್ಟಬಹುದು. ಅಡಿಕೆ ಹಣ ಯಾವ ಬ್ಯಾಂಕ್ ಖಾತೆಗೆ ಜಮೆಯಾಗಬೇಕು ಎನ್ನುವುದನ್ನೂ ತಾವೇ ಬದಲಿಸಬಹುದು. ಬೆಂಗಳೂರಿನ ಒಂದು ಪುಟ್ಟ ತಂಡ ಅದನ್ನು ರೈಲ್ಸ್ ಎಂಬ ಫ್ರೇಮ್‌ವರ್ಕ್‌ನಲ್ಲಿ ಬರೆದಿದೆ, ಪರೀಕ್ಷಿಸುವುದು ನನ್ನ ಕೆಲಸ.

ತಂಡದ ಹುಡುಗ ಮಧ್ಯಾಹ್ನ ಫೋನ್ ಮಾಡಿದ್ದ. “ಅಕ್ಕ, ನಮ್ಮ ಕಡೆ ಟೆಸ್ಟ್ ಎಲ್ಲಾ ಹಸಿರು. ನೀವು ಸ್ಕ್ರೀನ್‌ಗಳನ್ನ ಒಂದು ಸಲ ನೋಡಿಬಿಟ್ರೆ ಆಯ್ತು.” ಎಲ್ಲ ಹಸಿರು ಎಂದು ಯಾರಾದರೂ ಹೇಳಿದರೆ ನಾನು ಮೊದಲು ತೆರೆಯುವುದು ಟೆಸ್ಟ್ ಪರಿಸರದ ಸೆಟ್ಟಿಂಗ್ ಫೈಲನ್ನು. ನೋಡಿದೆ, ಆ ಸಾಲು ಅಲ್ಲೇ ಇತ್ತು: ಅಲೋ ಫೋರ್ಜರಿ ಪ್ರೊಟೆಕ್ಷನ್, ಫಾಲ್ಸ್. ಅಂದರೆ ಖೋಟಾ ವಿನಂತಿ ತಡೆಯುವ ಟೋಕನ್ ತಪಾಸಣೆ ಟೆಸ್ಟ್‌ನಲ್ಲಿ ಇಲ್ಲ. ಆ ಸಾಲು ಆ ಹುಡುಗ ಬರೆದದ್ದಲ್ಲ; ಹೊಸ ಪ್ರಾಜೆಕ್ಟ್ ಶುರು ಮಾಡುವಾಗ ರೈಲ್ಸೇ ಬರೆದುಕೊಡುತ್ತದೆ. ಜಾಂಗೋದ ಟೆಸ್ಟ್ ಕ್ಲೈಂಟ್ ಕೂಡ ನಾವಾಗಿ ಕೇಳದ ಹೊರತು ಟೋಕನ್ ತಪಾಸಣೆ ಮಾಡುವುದಿಲ್ಲ. ಲಾರವೆಲ್‌ನಲ್ಲೂ ಟೆಸ್ಟ್ ಓಡುವಾಗ ಈ ತಪಾಸಣೆಗೆ ರಜೆ. ಅದಕ್ಕೆ ಕಾರಣ ಇಲ್ಲದೆ ಇಲ್ಲ. ಟೆಸ್ಟ್ ಕೋಡ್ ಪುಟ ತೆರೆದು, ಫಾರ್ಮ್ ತುಂಬಿ, ಬಟನ್ ಒತ್ತುತ್ತಾ ಕೂರುವುದಿಲ್ಲ. ನೇರವಾಗಿ ಸರ್ವರ್‌ಗೆ ಮಾಹಿತಿ ಕಳಿಸುತ್ತದೆ. ಫಾರ್ಮನ್ನೇ ತೆರೆಯದವರ ಹತ್ತಿರ ಫಾರ್ಮಿನೊಳಗಿನ ಟೋಕನ್ ಎಲ್ಲಿಂದ ಬರಬೇಕು?

ಆದರೆ ಇದರಿಂದ ಆಗುವುದನ್ನು ಬರೆದಿಟ್ಟುಕೊಳ್ಳಬೇಕು. ಯಾರೋ ಒಂದು ಪುಟದ ಫಾರ್ಮನ್ನು ಕೈಯಲ್ಲೇ ಬರೆದು ಟೋಕನ್ ಹಾಕುವುದನ್ನು ಮರೆತರೂ ಟೆಸ್ಟ್ ಹಸಿರು. ಇನ್ಯಾರೋ ಒಂದು ಕಂಟ್ರೋಲರ್‌ನಲ್ಲಿ ರಕ್ಷಣೆಯನ್ನೇ ತೆಗೆದು ಹಾಕಿದರೂ ಟೆಸ್ಟ್ ಹಸಿರು. ಮೊದಲನೆಯದು ಬಿಡುಗಡೆಯಾದ ದಿನವೇ ಗೊತ್ತಾಗುತ್ತದೆ, ಫಾರ್ಮ್ ಕೆಲಸ ಮಾಡುತ್ತಿಲ್ಲ ಎಂದು ಜನ ಫೋನ್ ಮಾಡುತ್ತಾರೆ. ಎರಡನೆಯದು ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ಎಲ್ಲರಿಗೂ ಎಲ್ಲವೂ ಸರಿಯಾಗಿಯೇ ನಡೆಯುತ್ತಿರುತ್ತದೆ. ನನಗೆ ಹೆದರಿಕೆ ಇರುವುದು ಎರಡನೆಯದರದ್ದು.

ರಾತ್ರಿ ಊಟಕ್ಕೆ ಕೂತಾಗ ಅಪ್ಪಯ್ಯ “ಎಂತದೇ ಅದು ಟೋಕನ್ನು, ಇಡೀ ದಿನ ಫೋನಲ್ಲಿ ಅದೇ ಮಾತು” ಎಂದು ಕೇಳಿದರು. ಹೇಳಿದೆ. ಸದಸ್ಯ ಒಮ್ಮೆ ಲಾಗಿನ್ ಆದರೆ ಸರ್ವರ್ ಅವನ ಬ್ರೌಸರಿಗೆ ಕುಕೀ ಕೊಡುತ್ತದೆ. ಆಮೇಲೆ ಆ ಸರ್ವರಿಗೆ ಏನೇ ಹೋದರೂ ಬ್ರೌಸರ್ ಆ ಕುಕೀಯನ್ನು ತಾನಾಗಿಯೇ ಜೊತೆಗೆ ಕಳಿಸುತ್ತದೆ. ಕಳಿಸಿ ಅಂದದ್ದು ಸಂಘದ ಪುಟವೋ, ಪಕ್ಕದ ಟ್ಯಾಬಿನಲ್ಲಿ ತೆರೆದ ಯಾವನದೋ ಪುಟವೋ ಎಂದು ಸರ್ವರ್ ಕುಕೀ ನೋಡಿ ಹೇಳಲಾರದು. ಅದಕ್ಕೇ ಪ್ರತಿ ಫಾರ್ಮಿನೊಳಗೆ ಊಹಿಸಲಾಗದ ಉದ್ದದ ಅಕ್ಷರಮಾಲೆಯೊಂದನ್ನು ಅಡಗಿಸಿ ಕೊಡುತ್ತಾರೆ. ಫಾರ್ಮ್ ವಾಪಸ್ ಬರುವಾಗ ಅದೂ ಬರಬೇಕು. ಬೇರೆಯವರ ಪುಟ ನಮ್ಮ ಪುಟವನ್ನು ಓದಲು ಬ್ರೌಸರ್ ಬಿಡುವುದಿಲ್ಲವಾದ್ದರಿಂದ ಅವರಿಗೆ ಆ ಅಕ್ಷರಗಳು ಸಿಗುವುದಿಲ್ಲ. ಅಪ್ಪಯ್ಯ ಕೇಳಿಸಿಕೊಂಡು, “ಮುಖ ಪರಿಚಯ ಇದ್ದು ಅಂತ ಮಂಡಿಯವ್ರು ದುಡ್ಡು ಕೊಡದಿಲ್ಲೆ, ಚೀಟಿ ತಗಬಾ ಅಂತ್ರು. ಅಷ್ಟೇ ಅಲ್ದಾ?” ಅಂದರು. ಅಷ್ಟೇ.

ಜುಲೈ 8, ಮಂಗಳವಾರ

ಲೋಡ್ ಟೆಸ್ಟ್ ಸ್ಕ್ರಿಪ್ಟ್ ಕೆಲಸ. ಜೆಮೀಟರಿನಲ್ಲಿ ಒಬ್ಬ ಸದಸ್ಯನ ಓಡಾಟವನ್ನು ರೆಕಾರ್ಡ್ ಮಾಡಿ ಮತ್ತೆ ಓಡಿಸಿದರೆ ಲಾಗಿನ್ನೇ ಆಗದೆ 422 ಎಂಬ ನಿರಾಕರಣೆ ಬರುತ್ತದೆ. ಬರಲೇಬೇಕು. ಸ್ಕ್ರಿಪ್ಟ್ ಕಳಿಸುತ್ತಿರುವುದು ರೆಕಾರ್ಡ್ ಆದ ಹೊತ್ತಿನ ಟೋಕನ್ನು, ಆ ಸೆಷನ್ ಮುಗಿದುಹೋಗಿದೆ. ಲಾರವೆಲ್ ಆಗಿದ್ದರೆ 419, ಜಾಂಗೋ ಆಗಿದ್ದರೆ 403, ಉತ್ತರ ಒಂದೇ.

ತಂಡದಿಂದ ತಕ್ಷಣ ಬಂದ ಸಲಹೆ: ಸ್ಟೇಜಿಂಗ್‌ನಲ್ಲಿ ಪ್ರೊಟೆಕ್ಷನ್ ಆಫ್ ಮಾಡಿಕೊಡುತ್ತೇವೆ. ಬೇಡ ಎಂದೆ. ಆಫ್ ಮಾಡಿ ಅಳೆದರೆ ನಾವು ಅಳೆದದ್ದು ಸದಸ್ಯರು ಬಳಸುವ ಅಪ್ಲಿಕೇಶನ್ ಅಲ್ಲ, ಅದರ ಬೀಗ ತೆಗೆದ ಇನ್ನೊಂದು. ಮೇಲಾಗಿ ಸ್ಟೇಜಿಂಗ್‌ನಲ್ಲಿ ಆಫ್ ಮಾಡಿದ ಸಾಲು ಪ್ರೊಡಕ್ಷನ್‌ಗೆ ಹೋಗುವುದಕ್ಕೆ ಅವಸರದ ಒಂದು ಶುಕ್ರವಾರ ಸಂಜೆ ಸಾಕು. ಬ್ರೌಸರ್ ಮಾಡುವುದನ್ನೇ ಸ್ಕ್ರಿಪ್ಟ್ ಕೂಡ ಮಾಡಬೇಕು: ಮೊದಲು ಪುಟ ತರಿಸು, ಅದರಲ್ಲಿರುವ ಟೋಕನ್ ಎತ್ತಿಕೋ, ಮುಂದಿನ ವಿನಂತಿಯಲ್ಲಿ ಸೇರಿಸು. ಜೆಮೀಟರಿನ ಕುಕೀ ಮ್ಯಾನೇಜರ್ ಮತ್ತು ಸಿಎಸ್‌ಎಸ್ ಸೆಲೆಕ್ಟರ್ ಎಕ್ಸ್‌ಟ್ರ್ಯಾಕ್ಟರ್ ಇಷ್ಟಕ್ಕೆ ಸಾಕು. ಭದ್ರತಾ ಪರೀಕ್ಷೆಯ ಬರ್ಪ್ ಸೂಟ್‌ನಲ್ಲಿ ಇದೇ ಕೆಲಸಕ್ಕೆ ಮ್ಯಾಕ್ರೋ ಇದೆ.

ಹೊಸಬರು ಗೊಂದಲಕ್ಕೆ ಬೀಳುವ ಜಾಗ ಇಲ್ಲೊಂದಿದೆ. ಪುಟವನ್ನು ರಿಫ್ರೆಶ್ ಮಾಡಿದಾಗಲೆಲ್ಲ ಟೋಕನ್ ಬೇರೆಯಾಗಿ ಕಾಣುತ್ತದೆ, ಆದರೂ ಹಳೆಯದನ್ನು ಕಳಿಸಿದರೆ ನಡೆಯುತ್ತದೆ. ಹಾಗಾದರೆ ತಪಾಸಣೆಯೇ ಇಲ್ಲವೇ? ಇದೆ. ಒಳಗಿನ ಗುಟ್ಟು ಸೆಷನ್ ಮುಗಿಯುವವರೆಗೆ ಒಂದೇ; 2013ರಲ್ಲಿ ಬ್ರೀಚ್ ಎಂಬ ದಾಳಿ ಬಯಲಾದ ಮೇಲೆ, ಕಂಪ್ರೆಸ್ ಆದ ಪುಟದ ಗಾತ್ರ ಅಳೆದು ಗುಟ್ಟು ಊಹಿಸುವುದನ್ನು ತಪ್ಪಿಸಲು ರೈಲ್ಸ್, ಜಾಂಗೋ ಎರಡೂ ಪ್ರತಿ ಸಲ ಹೊಸ ಮುಸುಕು ಹಾಕಿ ಕಳಿಸುತ್ತವೆ. ಹಾಗಾಗಿ ಟೋಕನ್ ಬದಲಾಯಿತು ಎಂದು ಬಗ್ ಬರೆಯಬಾರದು. ಲಾಗಿನ್ ಆದ ಕೂಡಲೇ ಸೆಷನ್ ಹೊಸದಾಗುವುದರಿಂದ ಲಾಗಿನ್ ಪುಟದ ಟೋಕನ್ ಆಮೇಲೆ ನಡೆಯುವುದಿಲ್ಲ, ಮತ್ತೊಮ್ಮೆ ಎತ್ತಿಕೊಳ್ಳಬೇಕು. ಇಷ್ಟು ತಿಳಿದ ಮೇಲೆ ಸ್ಕ್ರಿಪ್ಟ್ ಸರಾಗವಾಗಿ ಓಡಿತು. ಸಂಜೆ ಮಳೆ ಜೋರಾಗಿ ಕರೆಂಟ್ ಹೋಯಿತು, ಅಷ್ಟರೊಳಗೆ ಮುಗಿದಿತ್ತು.

ಜುಲೈ 10, ಗುರುವಾರ

ಸಿಕ್ಕಿತು. ಸಿಗಬಾರದ ಜಾಗದಲ್ಲೇ ಸಿಕ್ಕಿತು: ಬ್ಯಾಂಕ್ ಖಾತೆ ಬದಲಿಸುವ ಪುಟ.

ನಿನ್ನೆ ಟೋಕನ್ ತೆಗೆದುಹಾಕಿ ಪ್ರತಿ ಫಾರ್ಮನ್ನೂ ಕಳಿಸುತ್ತಾ ಬಂದೆ. ವಿಳಾಸ ಬದಲಾವಣೆ, 422. ನಾಮಿನಿ, 422. ಬ್ಯಾಂಕ್ ಖಾತೆ, ‘ನಿಮ್ಮ ವಿವರ ಉಳಿಸಲಾಗಿದೆ.’ ಕಂಟ್ರೋಲರ್ ತೆರೆದು ನೋಡಿದರೆ ತಲೆಯ ಮೇಲೇ ಸ್ಕಿಪ್ ಫೋರ್ಜರಿ ಪ್ರೊಟೆಕ್ಷನ್. ಮೊಬೈಲ್ ಆಪ್ ಕೂಡ ಇದೇ ಕಂಟ್ರೋಲರನ್ನು ಬಳಸುತ್ತದೆ, ಆಪ್‌ನಿಂದ ಬರುವ ವಿನಂತಿಯಲ್ಲಿ ಟೋಕನ್ ಇರುವುದಿಲ್ಲ, ಅದು ನಡೆಯಲಿ ಎಂದು ಯಾವಾಗಲೋ ಹಾಕಿದ ಸಾಲು. ಟೆಸ್ಟ್‌ಗಳಿಗೆ ಇದು ಕಾಣುವ ಸಾಧ್ಯತೆಯೇ ಇರಲಿಲ್ಲ.

ಬೇರೆ ಪುಟದಿಂದ ಬರುವ ಇಂಥ ಖೋಟಾ ವಿನಂತಿಗೆ ಸಿಎಸ್‌ಆರ್‌ಎಫ್ ಎಂದು ಹೆಸರು. ರಿಪೋರ್ಟಿನಲ್ಲಿ ‘ಸಿಎಸ್‌ಆರ್‌ಎಫ್ ದೋಷ, ತೀವ್ರತೆ ಹೆಚ್ಚು’ ಎಂದಷ್ಟೇ ಬರೆದರೆ ಓದುವವರಿಗೆ ಅದು ಪಟ್ಟಿಯಲ್ಲಿ ಇನ್ನೊಂದು ಸಾಲು. ಹಾಗಾಗಿ ಒಂದು ಪುಟ ತಯಾರಿಸಿ ನನ್ನದೇ ಬೇರೆ ಡೊಮೈನ್‌ನಲ್ಲಿ ಇಟ್ಟೆ. ತಲೆಬರಹ ‘ಇಂದಿನ ಅಡಿಕೆ ಧಾರಣೆ’. ಕೆಳಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ನಾಲ್ಕು ಸಾಲು, ಮುಂದೆ ದರ. ನಮ್ಮ ಕಡೆಯ ಬೆಳೆಗಾರರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಕೊಂಡಿ ಬಂದರೆ ತೆರೆಯದವರು ಯಾರು? ಅದರ ಅಡಿಯಲ್ಲಿ ಕಣ್ಣಿಗೆ ಕಾಣದ ಒಂದು ಫಾರ್ಮ್: ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಕೋಡ್, ಹೋಗಬೇಕಾದ ವಿಳಾಸ ಸಂಘದ ಟೆಸ್ಟ್ ಸರ್ವರ್. ಪುಟ ತೆರೆದ ಕ್ಷಣ ಅದು ತಾನಾಗಿಯೇ ಹೊರಡುತ್ತದೆ, ಉತ್ತರ ಬಂದು ಬೀಳುವುದು ಅಗಲ ಎತ್ತರ ಎರಡೂ ಸೊನ್ನೆಯಾದ ಚೌಕಟ್ಟಿನೊಳಗೆ.

ಸಂಘದ ಕಾರ್ಯದರ್ಶಿಗಳು ಶಿವಮೊಗ್ಗದಿಂದ ವಾಪಸ್ ಹೋಗುತ್ತಿದ್ದರು. ಹೆದ್ದಾರಿಯಲ್ಲೇ ನಮ್ಮೂರು ಸಿಗುವುದರಿಂದ ಮನೆಗೇ ಬಂದು ಹೋಗಿ ಎಂದಿದ್ದೆ. ಕಾಫಿ ಕುಡಿಯುತ್ತಾ ಕೂತರು. ಟೆಸ್ಟ್ ಸದಸ್ಯನ ಹೆಸರಿನಲ್ಲಿ ಅವರ ಕೈಯಲ್ಲೇ ಕ್ರೋಮಿನಲ್ಲಿ ಲಾಗಿನ್ ಮಾಡಿಸಿದೆ, ಖಾತೆ ಸಂಖ್ಯೆಯ ಕೊನೆಯ ಅಂಕಿಗಳನ್ನು ಓದಿಸಿದೆ. ಆಮೇಲೆ ಪಕ್ಕದ ಟ್ಯಾಬಿನಲ್ಲಿ ಧಾರಣೆ ಪುಟ. ಅವರು ದರಗಳನ್ನು ಓದಿ, “ಗೊರಬಲಿಗೆ ಇಷ್ಟೆಲ್ಲ ಇಲ್ಲ ತಂಗಿ” ಎಂದರು. ಮೊದಲ ಟ್ಯಾಬಿಗೆ ಹೋಗಿ ರಿಫ್ರೆಶ್ ಮಾಡಿ ಎಂದೆ. ಖಾತೆ ಸಂಖ್ಯೆ ಬೇರೆಯಾಗಿತ್ತು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು, “ಪಾಸ್‌ವರ್ಡ್ ಕೊಟ್ಟಿಲ್ಲ, ಓಟಿಪಿ ಹೇಳಿಲ್ಲ, ಏನೂ ಒತ್ತಿಲ್ಲ. ನಾಳೆ ಸದಸ್ಯ ಬಂದು ದುಡ್ಡು ಎಲ್ಲಿ ಅಂದ್ರೆ ನೀವೇ ಬದಲಿಸಿದ್ದೀರಿ ಅಂತ ನಮ್ಮ ಲಾಗೇ ಹೇಳ್ತದಲ್ಲ?”

ಹೌದು. ಈ ದಾಳಿಯಲ್ಲಿ ನನಗೆ ಅತ್ಯಂತ ಕ್ರೂರ ಅನ್ನಿಸುವುದು ಅದೇ. ಸರ್ವರಿನ ದಾಖಲೆಯಲ್ಲಿ ಸದಸ್ಯನ ಐಡಿ, ಸದಸ್ಯನ ಫೋನು, ಸದಸ್ಯನ ಐಪಿ, ಎಲ್ಲ ಸರಿ. ವರ್ಷದ ಫಸಲು ಕಳೆದುಕೊಂಡವನ ಮೇಲೆಯೇ ಸಾಕ್ಷ್ಯವೂ ಬೀಳುತ್ತದೆ. ಬ್ಯಾಂಕ್ ಖಾತೆಯಂಥ ಬದಲಾವಣೆಗೆ ಟೋಕನ್ ಅಷ್ಟೇ ಸಾಲದು, ಓಟಿಪಿಯೂ ಬೇಕು ಎಂದು ರಿಪೋರ್ಟಿಗೆ ಸೇರಿಸಿದೆ.

ಜುಲೈ 13, ಭಾನುವಾರ

ತೋಟಕ್ಕೆ ಹೋಗಲು ಮಳೆ ಬಿಡಲಿಲ್ಲ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಸಿ ಆಗಿದೆ, ಎರಡನೆಯ ಸಿಂಪಡಣೆಗೆ ಹೊಳವಾಗಬೇಕು. ಕೂತು ಈ ದಾಳಿಯ ಹಳೆಯ ಕಥೆಗಳನ್ನು ಓದಿದೆ.

ತನ್ನ ಅಧಿಕಾರವನ್ನು ಬೇರೆಯವನ ಕೆಲಸಕ್ಕೆ ಅರಿಯದೆ ಬಳಸಿಬಿಡುವ ಪ್ರೋಗ್ರಾಮಿನ ಬಗ್ಗೆ ನಾರ್ಮ್ ಹಾರ್ಡಿ ಬರೆದದ್ದು 1988ರಲ್ಲಿ, ವೆಬ್ ಹುಟ್ಟುವ ಮೊದಲೇ. ಸಿಎಸ್‌ಆರ್‌ಎಫ್ ಎಂಬ ಹೆಸರಿಟ್ಟವರು ಪೀಟರ್ ವಾಟ್ಕಿನ್ಸ್, 2001ರಲ್ಲಿ. ಆಮೇಲೂ ಬಹಳ ವರ್ಷ ದೊಡ್ಡವರು ಇದನ್ನು ಲೆಕ್ಕಕ್ಕೆ ಇಟ್ಟಂತಿಲ್ಲ. 2006ರಲ್ಲಿ ನೆಟ್‌ಫ್ಲಿಕ್ಸ್ ಡಿವಿಡಿಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದ ಕಾಲ. ಗ್ರಾಹಕನ ವಿಳಾಸವನ್ನೇ ಹೊರಗಿನ ಪುಟವೊಂದು ಬದಲಿಸಬಹುದಿತ್ತು. 2007ರಲ್ಲಿ ಜಿಮೇಲ್‌ನಲ್ಲಿ ಇದೇ ಬಗೆಯ ದೋಷದಿಂದ, ಬಂದ ಪತ್ರಗಳನ್ನು ಇನ್ನೊಬ್ಬರಿಗೆ ರವಾನಿಸುವ ಫಿಲ್ಟರನ್ನು ಗೊತ್ತಿಲ್ಲದಂತೆ ಕೂರಿಸಬಹುದಿತ್ತು. 2008ರಲ್ಲಿ ಪ್ರಿನ್ಸ್‌ಟನ್ನಿನ ವಿಲಿಯಂ ಜೆಲ್ಲರ್ ಮತ್ತು ಎಡ್ವರ್ಡ್ ಫೆಲ್ಟನ್ ಐಎನ್‌ಜಿ ಡೈರೆಕ್ಟ್ ಬ್ಯಾಂಕಿನ ಜಾಲತಾಣದಲ್ಲಿ ಗ್ರಾಹಕರ ಖಾತೆಯಿಂದ ಹಣವನ್ನೇ ವರ್ಗಾಯಿಸಬಹುದು ಎಂದು ತೋರಿಸಿದರು. ಎಲ್ಲ ಕಡೆ ಒಂದೇ ಉಪಾಯ: ಒಳಗಿರುವವನ ಬ್ರೌಸರ್, ಹೊರಗಿನವನ ಮಾತು.

ವೆಬ್ ಭದ್ರತೆಯ ಓವಾಸ್ಪ್ ಸಂಸ್ಥೆಯ ಹತ್ತು ದೊಡ್ಡ ಅಪಾಯಗಳ ಪಟ್ಟಿಯಲ್ಲಿ 2007, 2010, 2013 ಮೂರರಲ್ಲೂ ಇದು ಇತ್ತು. 2017ರಲ್ಲಿ ಕೈಬಿಟ್ಟರು. ಫ್ರೇಮ್‌ವರ್ಕ್‌ಗಳಲ್ಲೇ ರಕ್ಷಣೆ ಬರುತ್ತದೆ, ಹಾಗಾಗಿ ದೋಷ ಅಪರೂಪವಾಗಿದೆ ಎಂಬುದು ಕಾರಣ. ಕಾರಣ ಸರಿ. ಆದರೆ ಪಟ್ಟಿ ನೋಡಿ ಪರೀಕ್ಷೆ ಮಾಡುವವರ ಕಣ್ಣಿಂದ ಅದು ಮರೆಯಾಗಿದ್ದೂ ಆವತ್ತೇ ಇರಬೇಕು ಎಂದು ನನ್ನ ಗುಮಾನಿ. ಫ್ರೇಮ್‌ವರ್ಕ್ ಕೊಟ್ಟ ಬೀಗವನ್ನು ನಾವೇ ತೆಗೆದಿಟ್ಟಿದ್ದೇವೆಯೇ ಎಂದು ನೋಡುವವರು ಪರೀಕ್ಷಕರಲ್ಲದೆ ಇನ್ಯಾರು?

ಜುಲೈ 14, ಸೋಮವಾರ

ಇಡೀ ಸಾಗರ ಸೀಮೆಯಲ್ಲಿ ಇವತ್ತು ಸೇತುವೆಯದೇ ಮಾತು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಶರಾವತಿ ಹಿನ್ನೀರಿನ ಸೇತುವೆ ಉದ್ಘಾಟನೆ ಆಯಿತು. ಅಮ್ಮ ಟಿವಿ ಮುಂದಿನಿಂದ ಏಳಲೇ ಇಲ್ಲ. ಆಚೆ ದಡದ ತುಮರಿ ಕಡೆಯವರು ಲಾಂಚಿಗೆ ಕಾದು ಕಾದು ಬದುಕಿದವರು, ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಬೇಕೆಂದರೆ ಅವರಿಗೆ ಎಂಥ ಕಷ್ಟ ಇತ್ತು ಎನ್ನುವುದು ಇಲ್ಲಿ ಎಲ್ಲರಿಗೂ ಗೊತ್ತು.

ಕಾರ್ಯದರ್ಶಿಗಳು ಫೋನ್ ಮಾಡಿದ್ದರು. ಆನ್‌ಲೈನ್ ಬೇಕೇ ಬೇಕು ಎಂದು ಮೊದಲು ಹಟ ಹಿಡಿದವರು ಆ ದಡದ ಸದಸ್ಯರಂತೆ, ಒಂದು ಸಹಿಗಾಗಿ ಅವರ ಒಂದು ದಿನ ಹೋಗುತ್ತಿತ್ತು. “ಅವ್ರಿಗೇ ಮೊದಲು ತೊಂದ್ರೆ ಆಗ್ಬಾರ್ದು. ಸರಿಯಾಗೋ ತನಕ ಖಾತೆ ಬದಲಾವಣೆ ಬಾಗ್ಲು ಹಾಕಿಡಿ ಅಂತ ಬೆಂಗಳೂರಿಗೆ ಹೇಳಿದ್ದೇನೆ.” ಒಳ್ಳೆಯದಾಯಿತು.

ಜುಲೈ 17, ಗುರುವಾರ

ಹುಡುಗ ಇವತ್ತು ಕೇಳಿದ ಪ್ರಶ್ನೆ ಚೆನ್ನಾಗಿತ್ತು. “ಅಕ್ಕ, ಕ್ರೋಮ್ ಈಗ ಬೇರೆ ಸೈಟಿಂದ ಬರೋ ಪೋಸ್ಟ್‌ಗೆ ಕುಕೀ ಕಳಿಸೋದೇ ಇಲ್ಲವಲ್ಲ, ನಿಮ್ಮ ಧಾರಣೆ ಪುಟ ಹೇಗೆ ಕೆಲಸ ಮಾಡ್ತು?”

ಅವನು ಹೇಳಿದ್ದು ನಿಜವೇ. 2020ರ ಫೆಬ್ರವರಿಯಲ್ಲಿ ಬಂದ ಕ್ರೋಮ್ 80ರಿಂದ, ಸೇಮ್‌ಸೈಟ್ ಬಗ್ಗೆ ಏನೂ ಹೇಳದ ಕುಕೀಯನ್ನು ಲ್ಯಾಕ್ಸ್, ಅಂದರೆ ಬೇರೆ ಸೈಟಿನ ಪೋಸ್ಟ್ ಜೊತೆ ಕಳಿಸಬಾರದ್ದು, ಎಂದೇ ಲೆಕ್ಕ ಹಾಕುತ್ತಾರೆ. ಕೋವಿಡ್ ಬಂದದ್ದರಿಂದ ನಡುವೆ ತಡೆಹಿಡಿದು ಆ ಜುಲೈಯಲ್ಲಿ ಮತ್ತೆ ಶುರು ಮಾಡಿದರು. ರೈಲ್ಸ್ ಕೂಡ 6.1ರಿಂದ ಹಾಗೇ ಕೊಡುತ್ತದೆ. ಆದರೆ ಇವರ ಕುಕೀ ಮೇಲೆ ಸೇಮ್‌ಸೈಟ್ ನನ್, ಅಂದರೆ ಎಲ್ಲಿಂದ ಬಂದರೂ ಕಳಿಸು, ಎಂದು ಬರೆದಿದೆ. ಯಾಕೆ ಎಂದು ಹುಡುಕಿದರೆ ಪೇಮೆಂಟ್ ಗೇಟ್‌ವೇ. ಸದಸ್ಯ ಕಂತು ಕಟ್ಟಲು ಗೇಟ್‌ವೇ ಪುಟಕ್ಕೆ ಹೋಗುತ್ತಾನೆ, ಹಣ ಕಟ್ಟುತ್ತಾನೆ, ಗೇಟ್‌ವೇ ಅವನನ್ನು ಪೋಸ್ಟ್ ಮೂಲಕ ಸಂಘದ ಸೈಟಿಗೆ ವಾಪಸ್ ಕಳಿಸುತ್ತದೆ. ಅದೂ ಬೇರೆ ಸೈಟಿನಿಂದ ಬಂದ ಪೋಸ್ಟೇ. ಲ್ಯಾಕ್ಸ್ ಇದ್ದರೆ ಕುಕೀ ಬರುವುದಿಲ್ಲ, ಹಣ ಕಟ್ಟಿ ಬಂದವನಿಗೆ ಲಾಗಿನ್ ಪುಟ ಕಾಣುತ್ತದೆ, ದುಡ್ಡು ಹೋಯಿತೇ ಎಂದು ಎದೆ ಹೊಡೆದುಕೊಳ್ಳುತ್ತದೆ. ಅದನ್ನು ತಪ್ಪಿಸಲು ಇಡೀ ಅಪ್ಲಿಕೇಶನ್ನಿನ ಕುಕೀಯನ್ನು ನನ್ ಮಾಡಿಬಿಟ್ಟಿದ್ದಾರೆ.

ಒಂದು ಬಾಗಿಲಿಗಾಗಿ ಎಲ್ಲ ಬಾಗಿಲೂ ತೆರೆದದ್ದು ಸರಿಯಲ್ಲ. ಕುಕೀ ಲ್ಯಾಕ್ಸ್ ಇರಲಿ; ಗೇಟ್‌ವೇ ವಾಪಸ್ ಬರುವ ಒಂದು ವಿಳಾಸಕ್ಕೆ ಮಾತ್ರ ಟೋಕನ್ ವಿನಾಯಿತಿ ಕೊಡಿ, ಏಕೆಂದರೆ ಗೇಟ್‌ವೇ ಹತ್ತಿರ ನಮ್ಮ ಟೋಕನ್ ಇರಲು ಸಾಧ್ಯವಿಲ್ಲ. ಅಲ್ಲಿ ಕುಕೀ ನಂಬಬೇಡಿ, ಗೇಟ್‌ವೇ ಹಾಕಿದ ಡಿಜಿಟಲ್ ಸಹಿಯನ್ನು ತಾಳೆ ನೋಡಿ, ಆರ್ಡರ್ ಸಂಖ್ಯೆ ಮತ್ತು ಮೊತ್ತ ನಮ್ಮ ದಾಖಲೆಗೆ ಹೊಂದುತ್ತದೆಯೇ ನೋಡಿ, ಆಮೇಲೆ ಮಾಮೂಲಿ ರೀಡೈರೆಕ್ಟ್‌ನಲ್ಲಿ ರಸೀದಿ ಪುಟಕ್ಕೆ ಕಳಿಸಿ. ಆ ಗೆಟ್ ವಿನಂತಿಗೆ ಲ್ಯಾಕ್ಸ್ ಕುಕೀಯೂ ಬರುತ್ತದೆ. ಸಹಿಯಲ್ಲಿ ಒಂದು ಅಕ್ಷರ ಬದಲಿಸಿ ಕಳಿಸುವ ಟೆಸ್ಟ್ ನಾನು ಬರೆಯುತ್ತೇನೆ ಎಂದೆ.

ಲ್ಯಾಕ್ಸ್ ಬಂದ ಮೇಲೆ ಟೋಕನ್ ಬೇಡ ಎನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಅದೇ ಡೊಮೈನಿನ ಇನ್ನೊಂದು ಸಬ್‌ಡೊಮೈನ್‌ನಿಂದ ಬಂದದ್ದನ್ನು ಸೇಮ್‌ಸೈಟ್ ತಡೆಯುವುದಿಲ್ಲ. ಗೆಟ್‌ನಲ್ಲೇ ಏನನ್ನಾದರೂ ಬದಲಿಸುವ ಕೊಂಡಿ ಇದ್ದರೆ ಲ್ಯಾಕ್ಸ್ ಸಹ ತಡೆಯುವುದಿಲ್ಲ, ರೈಲ್ಸ್ ಟೋಕನ್ನನ್ನೂ ಕೇಳುವುದಿಲ್ಲ. ಅಂಥದ್ದೊಂದು ಇಲ್ಲಿಯೂ ಇತ್ತು: ‘ನಾಮಿನಿ ತೆಗೆದುಹಾಕಿ’ ಎಂಬ ಕೊಂಡಿ. ಒಂದು ಚಿತ್ರದ ವಿಳಾಸದ ಜಾಗದಲ್ಲಿ ಅದನ್ನು ಬರೆದರೂ ಕುಕೀ ನನ್ ಇರುವಾಗ ನಾಮಿನಿ ಹೋಗುತ್ತಿದ್ದ.

ಜುಲೈ 21, ಸೋಮವಾರ

ಟೋಕನ್ನಿನ ಇನ್ನೊಂದು ಮುಖ. ತಪ್ಪಿಲ್ಲದವನನ್ನೂ ಅದು ಹೊರಗೆ ಹಾಕುತ್ತದೆ.

ಈ ಮಳೆಗಾಲದಲ್ಲಿ ಒಬ್ಬ ಸದಸ್ಯ ಸಾಲದ ಅರ್ಜಿ ತುಂಬುವುದನ್ನು ಊಹಿಸಿಕೊಳ್ಳಬೇಕು. ಅರ್ಧ ತುಂಬುವಾಗ ಕರೆಂಟ್ ಹೋಗುತ್ತದೆ, ಟವರ್ ಕೈಕೊಡುತ್ತದೆ. ಸರ್ವೆ ನಂಬರ್ ನೋಡಲು ಪಹಣಿ ಹುಡುಕಬೇಕು, ಅದು ಅಟ್ಟದ ಪೆಟ್ಟಿಗೆಯಲ್ಲಿದೆ. ವಾಪಸ್ ಬಂದು ಬಟನ್ ಒತ್ತುವಾಗ ಸೆಷನ್ ಮುಗಿದಿರುತ್ತದೆ. ಟೋಕನ್ ಹೊಂದುವುದಿಲ್ಲ. ಇಂಗ್ಲಿಷಿನಲ್ಲಿ ಒಂದು ಬಿಳಿ ಪುಟ, ಬರೆದದ್ದೆಲ್ಲ ಮಾಯ. ಆಂಡ್ರಾಯ್ಡ್‌ನಲ್ಲಿ ನಿನ್ನೆಯ ಟ್ಯಾಬು ಹಾಗೇ ತೆರೆದುಕೊಂಡರೂ ಇದೇ ಕಥೆ. ಹೀಗೆ ಬೈಸಿಕೊಂಡ ಮೇಲೆಯೇ ತಂಡಗಳು ‘ಈ ಪುಟಕ್ಕೆ ಮಾತ್ರ ಸ್ಕಿಪ್’ ಎಂದು ಬರೆಯುವುದು. ಹಾಗಾಗಿ ನಿರಾಕರಣೆಯ ಪುಟ ಹೇಗಿದೆ ಎಂದು ನೋಡುವುದೂ ಭದ್ರತೆಯ ಪರೀಕ್ಷೆಯೇ.

ಇವತ್ತು ಫಾರ್ಮ್ ತೆರೆದು, ಸೆಷನ್ ಅಳಿಸಿ, ಸಲ್ಲಿಸಿ ನೋಡುವುದೇ ಕೆಲಸ. ನನ್ನ ಬೇಡಿಕೆ ಇಷ್ಟು: ಸಂದೇಶ ಕನ್ನಡದಲ್ಲಿ ಇರಲಿ, ತುಂಬಿದ್ದು ಫೋನಿನಲ್ಲೇ ಉಳಿದಿರಲಿ, ಮತ್ತೆ ಲಾಗಿನ್ ಆದರೆ ಅದೇ ಅರ್ಜಿಗೆ ಮರಳಲಿ. ಸಂದೇಶವನ್ನು ನಾನೇ ಬರೆದುಕೊಟ್ಟೆ: ‘ಬಹಳ ಹೊತ್ತಾದ್ದರಿಂದ ಈ ಪುಟದ ಅವಧಿ ಮುಗಿದಿದೆ. ನೀವು ತುಂಬಿದ ವಿವರ ಅಳಿದಿಲ್ಲ. ಮತ್ತೆ ಲಾಗಿನ್ ಆಗಿ ಮುಂದುವರಿಸಿ.’ ಅಮ್ಮನಿಗೆ ಓದಿಸಿದೆ, ಅರ್ಥವಾಯಿತು ಅಂದಳು.

ಜುಲೈ 25, ಶುಕ್ರವಾರ

ನಿನ್ನೆ ಭೀಮನ ಅಮಾವಾಸ್ಯೆ, ತಂಡದಲ್ಲೂ ಅರ್ಧ ಜನ ರಜೆ. ಇವತ್ತು ಎಲ್ಲರೂ ಕೂತು ಮುಗಿಸಿದೆವು.

ಮೊಬೈಲ್ ಆಪ್‌ಗೆ ಬೇರೆ ಕಂಟ್ರೋಲರ್ ಬಂತು. ಅದು ಕುಕೀ ನೋಡುವುದೇ ಇಲ್ಲ, ಹೆಡರಿನಲ್ಲಿ ಆಪ್ ಕಳಿಸುವ ಲಾಗಿನ್ ಟೋಕನ್ (ಫಾರ್ಮಿನದ್ದಲ್ಲ) ಮಾತ್ರ ನೋಡುತ್ತದೆ. ಆ ಹೆಡರನ್ನು ಯಾವ ಬ್ರೌಸರೂ ತಾನಾಗಿ ಸೇರಿಸುವುದಿಲ್ಲವಾದ್ದರಿಂದ ಅಲ್ಲಿ ಖೋಟಾ ವಿನಂತಿಯ ಭಯವಿಲ್ಲ. ವೆಬ್ ಕಂಟ್ರೋಲರಿನ ಸ್ಕಿಪ್ ಸಾಲು ಹೋಯಿತು. ಧಾರಣೆ ಪುಟವನ್ನು ಮತ್ತೆ ತೆರೆದೆ, ಖಾತೆ ಸಂಖ್ಯೆ ಅಲ್ಲಾಡಲಿಲ್ಲ.

ಟೆಸ್ಟ್‌ಗಳ ವಿಷಯದಲ್ಲಿ ಹುಡುಗನೂ ನಾನೂ ಸ್ವಲ್ಪ ಜಗಳವಾಡಿ ಒಂದು ಒಪ್ಪಂದಕ್ಕೆ ಬಂದೆವು. ಅವರ ಹಳೆಯ ಟೆಸ್ಟ್‌ಗಳು ರಕ್ಷಣೆ ಆಫ್ ಇಟ್ಟುಕೊಂಡೇ ಓಡಲಿ, ವೇಗ ಬೇಕು. ಜೊತೆಗೆ ರಕ್ಷಣೆ ಆನ್ ಮಾಡಿಕೊಂಡು ಓಡುವ ಇನ್ನೊಂದು ಗುಂಪು. ಅದರಲ್ಲಿ ಟೋಕನ್ ಇಲ್ಲದ ಅರ್ಜಿ, ಖಾಲಿ ಟೋಕನ್ನಿನ ಅರ್ಜಿ, ಇನ್ನೊಬ್ಬ ಸದಸ್ಯನ ಸೆಷನ್‌ನಿಂದ ತಂದ ಟೋಕನ್ನಿನ ಅರ್ಜಿ. ಕೊನೆಯದನ್ನು ಬಹಳ ಜನ ಬರೆಯುವುದಿಲ್ಲ. ಟೋಕನ್ ಇದೆಯೇ ಎಂದಷ್ಟೇ ನೋಡಿ, ಯಾರದ್ದು ಎಂದು ನೋಡದ ವ್ಯವಸ್ಥೆಗಳಲ್ಲಿ ಕಳ್ಳ ತನ್ನದೇ ಖಾತೆಯ ಟೋಕನ್ ಹಾಕಿ ಕಳಿಸಿದರೂ ನಡೆದುಬಿಡುತ್ತದೆ. ಪ್ರತಿ ಟೆಸ್ಟ್ ಕೊನೆಗೆ ಡೇಟಾಬೇಸಿನಲ್ಲಿ ಖಾತೆ ಸಂಖ್ಯೆ ಮೊದಲಿನಂತೆಯೇ ಇದೆಯೇ ಎಂದು ನೋಡಬೇಕು ಎಂದು ಹಟ ಹಿಡಿದೆ. ರೈಲ್ಸ್‌ನ ನಲ್ ಸೆಷನ್ ಎಂಬ ಬಗೆಯಲ್ಲಿ ದೋಷವನ್ನೇ ಎತ್ತದೆ, ಸೆಷನ್ ಖಾಲಿ ಮಾಡಿ ಮುಂದೆ ಬಿಡುತ್ತಾರೆ. ಬಂದ ಉತ್ತರದ ಸಂಖ್ಯೆಯೊಂದನ್ನೇ ನಂಬಿ ಕೂರಲಾಗದು.

ಆಮೇಲೆ ನನಗೆ ಎಲ್ಲಕ್ಕಿಂತ ಇಷ್ಟವಾದ ಟೆಸ್ಟ್ ಹುಡುಗನೇ ಬರೆದ. ಅಪ್ಲಿಕೇಶನ್ನಿನ ರೂಟ್ ಪಟ್ಟಿಯನ್ನು ತಾನೇ ಓದಿ, ಗೆಟ್ ಅಲ್ಲದ ಪ್ರತಿ ವಿಳಾಸಕ್ಕೂ ಟೋಕನ್ ಇಲ್ಲದೆ ತಟ್ಟಿ ನೋಡುತ್ತದೆ. ಎಲ್ಲಿ ಒಳಗೆ ಬಿಟ್ಟರೂ ಟೆಸ್ಟ್ ಕೆಂಪು. ಹೊಸ ಪುಟ ಸೇರಿದರೆ ಅದೂ ತಾನಾಗಿಯೇ ಪರೀಕ್ಷೆಗೆ ಬರುತ್ತದೆ. ವಿನಾಯಿತಿ ಬೇಕಾದವರು ಕಾರಣ ಬರೆದು ಒಂದು ಫೈಲಿಗೆ ಸೇರಿಸಬೇಕು. ಕುಕೀ ನೋಡದ ಆಪ್ ಕಂಟ್ರೋಲರ್ ಬಿಟ್ಟರೆ ಆ ಫೈಲಿನಲ್ಲಿ ಈಗಿರುವುದು ಗೇಟ್‌ವೇ ವಾಪಸ್ ಬರುವ ವಿಳಾಸ ಮಾತ್ರ, ಮುಂದೆ ‘ಸಹಿ ತಾಳೆ ನೋಡಲಾಗುತ್ತದೆ’ ಎಂಬ ಕಾರಣ.

ಲಾಗಿನ್ ಪುಟ ಬಾಕಿ. ಲಾಗಿನ್ ಆಗುವ ಮುಂಚೆ ಯಾರೂ ಒಳಗಿರುವುದಿಲ್ಲ, ಅಲ್ಲಿ ಟೋಕನ್ ಯಾಕೆ ಎಂದು ಇನ್ನೊಬ್ಬ ಡೆವಲಪರ್ ಕೇಳಿದ. ಸದಸ್ಯನನ್ನು ಅವನಿಗೇ ಗೊತ್ತಿಲ್ಲದೆ ಕಳ್ಳನ ಖಾತೆಗೆ ಲಾಗಿನ್ ಮಾಡಿಸಿ, ಅವನು ಕಟ್ಟುವ ಕಂತು ಆ ಲೆಕ್ಕಕ್ಕೆ ಹೋಗುವಂತೆ ಮಾಡಬಹುದು ಎಂದೆ. ಮಾತಿಗಿಂತ ತೋರಿಸುವುದೇ ಸುಲಭ. ಸೋಮವಾರ ಅದಕ್ಕೊಂದು ಪುಟ ಮಾಡಿ ಕಳಿಸಬೇಕು.